ಕ್ಯೂಬಾದ ಅಬ್ರೆಯು ಅಮೆರಿಕಕ್ಕೆ ಕದ್ದು ಬರಬೇಕಾಗಿದ್ದೇಕೆ?

2013ರ ಅಕ್ಟೋಬರ್. ಹೈಟಿಯಿಂದ ಮಯಾಮಿಗೆ ಹೊರಟಿದ್ದ ವಿಮಾನದಲ್ಲಿ 26 ವರ್ಷದ ಕ್ಯೂಬಾದ ಬೇಸ್‌ಬಾಲ್ ಆಟಗಾರ ಹೋಸೆ ಅಬ್ರೆಯು ಒಂದು ಬಿಯರ್ ತರಿಸಿಕೊಂಡರು. ತಮ್ಮ ನಕಲಿ ಪಾಸ್‌ಪೋರ್ಟಿನ ಮೊದಲ ಹಾಳೆಯನ್ನು ಸ್ವಲ್ಪ ಸ್ವಲ್ಪವಾಗಿ ಆ ಬಿಯರ್ ಜೊತೆ ನುಂಗಿಬಿಟ್ಟರು. ಸುಳ್ಳು ಹೆಸರಿದ್ದ ಆ ಹಾಳೆ ಅಮೆರಿಕದ ಅಧಿಕಾರಿಗಳ ಕೈಗೆ ಸಿಗಬಾರದಿತ್ತು. ಶಿಕಾಗೋ ವೈಟ್ ಸಾಕ್ಸ್ ತಂಡದ ಜೊತೆ ಆರು ವರ್ಷಕ್ಕೆ 6.8 ಕೋಟಿ ಡಾಲರ್‌ನ ಒಪ್ಪಂದ ತಯಾರಾಗಿತ್ತು. ಗಡುವಿನೊಳಗೆ ತಲುಪದಿದ್ದರೆ ಅಷ್ಟೂ ಹೋಗುತ್ತಿತ್ತು.

ಇದನ್ನು ಅಬ್ರೆಯು ಅವರೇ 2017ರಲ್ಲಿ ಮಯಾಮಿಯ ಕೋರ್ಟಿನಲ್ಲಿ ಹೇಳಿದರು. ಆಟಗಾರರನ್ನು ಕಳ್ಳದಾರಿಯಲ್ಲಿ ಸಾಗಿಸಿದ ಆರೋಪ ಹೊತ್ತಿದ್ದ ಒಬ್ಬ ಏಜೆಂಟ್ ಮತ್ತು ಒಬ್ಬ ತರಬೇತುದಾರನ ವಿಚಾರಣೆ ಅದು. ಇಬ್ಬರಿಗೂ ಶಿಕ್ಷೆಯಾಯಿತು. ಆದರೆ ಅವರ ದಂಧೆ ಹುಟ್ಟಿದ್ದು ಹೇಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಹೀಗಿರಲಿಲ್ಲ. 1960ರಲ್ಲಿ ಕ್ಯೂಬಾದ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಟೋನಿ ಪೆರೆಜ್ ಎಂಬ ಹುಡುಗನನ್ನು ಅಮೆರಿಕದ ಸಿನ್ಸಿನಾಟಿ ತಂಡ ವಿಮಾನದ ಟಿಕೆಟ್ ಮತ್ತು ವೀಸಾದ ಎರಡೂವರೆ ಡಾಲರ್ ಕೊಟ್ಟು ಕರೆಸಿಕೊಂಡಿತ್ತು. ಮುಂದೆ ಫಸ್ಟ್ ಬೇಸ್ ಎಂಬ ಫೀಲ್ಡಿಂಗ್ ಜಾಗದಲ್ಲಿ ಹೆಸರು ಮಾಡಿದ ಅವರು 2000ದಲ್ಲಿ ಹಾಲ್ ಆಫ್ ಫೇಮ್ ಎಂಬ ದಿಗ್ಗಜರ ಗೌರವ ಪಟ್ಟಿ ಸೇರಿದರು. ಆದರೆ ಅವರು ಬಂದ ಮೇಲೆ ಬಾಗಿಲು ಮುಚ್ಚಿತು. ಕಾಸ್ಟ್ರೋ ಸರ್ಕಾರ ದುಡ್ಡಿಗೆ ಆಡುವ ಕ್ರೀಡೆಯನ್ನೇ ರದ್ದು ಮಾಡಿತು. ಅಮೆರಿಕ 1962ರಲ್ಲಿ ವ್ಯಾಪಾರ ನಿರ್ಬಂಧ ಹೇರಿತು. 1991ರಲ್ಲಿ ರೆನೆ ಅರೋಚಾ ಎಂಬ ಆಟಗಾರ ಕ್ಯೂಬಾದ ರಾಷ್ಟ್ರೀಯ ತಂಡದ ಜೊತೆ ಮಯಾಮಿಗೆ ಬಂದವರು ವಾಪಸ್ ಹೋಗಲಿಲ್ಲ. ಆಮೇಲೆ ಒಬ್ಬರ ಹಿಂದೆ ಒಬ್ಬರು ಹೊರಟರು.

ಕ್ಯೂಬಾದ ರದ್ದತಿ, ಅಮೆರಿಕದ ನಿರ್ಬಂಧ ಎಂಬ ಎರಡು ಗಂಟುಗಳ ಜೊತೆ ಇಲ್ಲೇ ಮೂರನೆಯ ಗಂಟು ಇರುವುದು. ಇದರ ಬಗ್ಗೆ ಮಾತಾಡುವವರು ಕಡಿಮೆ. ಕ್ಯೂಬಾದ ಆಟಗಾರ ನೇರವಾಗಿ ಅಮೆರಿಕಕ್ಕೆ ಬಂದಿಳಿದರೆ ಅಲ್ಲಿನ ಮೇಜರ್ ಲೀಗ್ ಬೇಸ್‌ಬಾಲ್‌ನ ನಿಯಮದ ಪ್ರಕಾರ ಡ್ರಾಫ್ಟ್‌ಗೆ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಗೆ ಸೇರಬೇಕು. ಆಯ್ಕೆ ಮಾಡಿಕೊಂಡ ಒಂದೇ ತಂಡದ ಜೊತೆ ಚೌಕಾಸಿ ಮಾಡಬೇಕು. ಅದೇ ಮೆಕ್ಸಿಕೋ, ಹೈಟಿ ಅಥವಾ ಡೊಮಿನಿಕನ್ ಗಣರಾಜ್ಯದಂಥ ಇನ್ನೊಂದು ದೇಶದ ನಿವಾಸಿಯಾಗಿ ಬಂದರೆ ಯಾವ ತಂಡಕ್ಕಾದರೂ ಸಹಿ ಹಾಕಬಹುದು. ಅಬ್ರೆಯು ಬಂದ ಕಾಲದಲ್ಲಿ ಎರಡರ ನಡುವಿನ ವ್ಯತ್ಯಾಸ ಕೋಟಿಗಟ್ಟಲೆ ಡಾಲರ್. ಹಾಗಾಗಿ ದೋಣಿ ಓಡಿಸುವವನಿಗೆ, ನಕಲಿ ಕಾಗದ ಮಾಡಿಕೊಡುವವನಿಗೆ ಭರ್ತಿ ಕೆಲಸ. ಹವಾನಾ ಎಷ್ಟು ಹೊಣೆಯೋ, ವಾಷಿಂಗ್ಟನ್ ಮತ್ತು ಲೀಗ್‌ನ ಕಚೇರಿಯೂ ಅಷ್ಟೇ ಹೊಣೆ ಎಂದು ನನಗೆ ಅನಿಸುತ್ತದೆ.

ಅಬ್ರೆಯು ಸಿಯೆನ್‌ಫ್ಯೂಗೋಸ್ ಪ್ರಾಂತ್ಯದವರು. 2010-11ರ ಋತುವಿನಲ್ಲಿ ಅಲ್ಲಿನ ತಂಡಕ್ಕೆ 33 ಹೋಮ್ ರನ್ (ಸಾಮಾನ್ಯವಾಗಿ ಚೆಂಡು ಮೈದಾನದ ಬೇಲಿ ದಾಟುವ ಹೊಡೆತ) ಹೊಡೆದರು. ಬ್ಯಾಟಿಂಗ್ ಸರಾಸರಿ .453, ಅಂದರೆ ಲೆಕ್ಕಕ್ಕೆ ಬರುವ ಪ್ರತಿ ಸಾವಿರ ಸರದಿಗೆ 453 ಯಶಸ್ವಿ ಹೊಡೆತ. ಬೇಸ್‌ಬಾಲ್‌ನಲ್ಲಿ .300 ದಾಟಿದರೇ ಒಳ್ಳೆಯ ಬ್ಯಾಟರ್ ಅಂತಾರೆ, ಲೆಕ್ಕ ಹಾಕಿಕೊಳ್ಳಿ. 2013ರ ಆಗಸ್ಟ್‌ನಲ್ಲಿ ದೋಣಿ ಹತ್ತಿ ಹೈಟಿ ಸೇರಿದರು. ಪುಟ್ಟ ಮಗ ಡಾರಿಯೆಲ್ ಕ್ಯೂಬಾದಲ್ಲೇ ಉಳಿದ. ಮರುತಿಂಗಳೇ ಕ್ಯೂಬಾ ಸರ್ಕಾರ ತನ್ನ ಆಟಗಾರರು ಹೊರದೇಶದಲ್ಲಿ ಆಡಬಹುದು ಎಂದಿತು. ಆದರೆ ನಿರ್ಬಂಧ ಇದ್ದುದರಿಂದ ಅಮೆರಿಕದ ಮಟ್ಟಿಗೆ ಅದು ಉಪಯೋಗಕ್ಕೆ ಬರಲಿಲ್ಲ.

ಶಿಕಾಗೋದಲ್ಲಿ ತಾಯಿ ಸೂಚಿಸಿದ 79ನೇ ನಂಬರಿನ ಅಂಗಿ ತೊಟ್ಟರು. ಮೊದಲ ವರ್ಷವೇ 36 ಹೋಮ್ ರನ್, 107 ಆರ್‌ಬಿಐ. ಅಂದರೆ ಇವರ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್ 107. ವರ್ಷದ ಹೊಸ ಆಟಗಾರ ಪ್ರಶಸ್ತಿಗೆ ಎಲ್ಲ ಮತವೂ ಇವರಿಗೇ ಬಿತ್ತು. ಮೊದಲ ನಾಲ್ಕೂ ಋತುಗಳಲ್ಲಿ ಕನಿಷ್ಠ 25 ಹೋಮ್ ರನ್ ಮತ್ತು 100 ಆರ್‌ಬಿಐ ಗಳಿಸಿದರು. ಅದಕ್ಕೆ ಮೊದಲು ಹಾಗೆ ಮಾಡಿದವರು ಜೋ ಡಿಮ್ಯಾಜಿಯೊ ಮತ್ತು ಆಲ್ಬರ್ಟ್ ಪುಹೋಲ್ಸ್ ಇಬ್ಬರೇ. ಕೋವಿಡ್‌ನಿಂದ 60 ಪಂದ್ಯಕ್ಕೆ ಇಳಿದ 2020ರಲ್ಲಿ ನಗರದ ಎದುರಾಳಿ ಕಬ್ಸ್ ವಿರುದ್ಧ ಮೂರು ಪಂದ್ಯಗಳಲ್ಲಿ ಆರು ಹೋಮ್ ರನ್ ಬಾರಿಸಿದರು. ಅದರಲ್ಲಿ ನಾಲ್ಕು ಸತತ ನಾಲ್ಕು ಸರದಿಗಳಲ್ಲಿ ಬಂದವು. ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ ಆ ವರ್ಷ ಅತ್ಯಮೂಲ್ಯ ಆಟಗಾರ ಅವರೇ.

ಈ ಅಂಕಿಗಳಿಗಿಂತ ನನಗೆ ಜಾಸ್ತಿ ನೆನಪಿನಲ್ಲಿ ಉಳಿಯುವುದು 2015ರ ಡಿಸೆಂಬರ್. ಎರಡೂ ದೇಶಗಳ ಸಂಬಂಧ ಸುಧಾರಿಸುತ್ತಿದ್ದ ಕಾಲ. ಲೀಗ್‌ನ ಸೌಹಾರ್ದ ತಂಡದ ಜೊತೆ ಅಬ್ರೆಯು, ಯಾಸಿಯೆಲ್ ಪುಯಿಗ್ ಮೊದಲಾದವರು ಹವಾನಾಕ್ಕೆ ಹೋದರು. ದೇಶ ಬಿಟ್ಟು ಓಡಿದವರು ಅಂತ ಕರೆಸಿಕೊಂಡಿದ್ದ ಆಟಗಾರರಿಗೆ ಬಾಗಿಲು ತೆರೆದಿತ್ತು. ಅಬ್ರೆಯು ಐದು ವರ್ಷದ ಮಗನನ್ನು ಅಪ್ಪಿಕೊಂಡರು. ಒಬ್ಬ ಅಪ್ಪ ಮಗನನ್ನು ನೋಡಲು ಎರಡು ಸರ್ಕಾರಗಳ ಮನಸ್ಸು ಬದಲಾಗುವವರೆಗೆ ಕಾಯಬೇಕಿತ್ತು!

2018ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಮತ್ತು ಕ್ಯೂಬಾದ ಬೇಸ್‌ಬಾಲ್ ಒಕ್ಕೂಟ ಕೊನೆಗೂ ಒಂದು ಒಪ್ಪಂದಕ್ಕೆ ಬಂದವು. ಅಮೆರಿಕದ ತಂಡ ಒಕ್ಕೂಟಕ್ಕೆ ಶುಲ್ಕ ಕಟ್ಟಬೇಕು, ಆಟಗಾರ ರಾಜಾರೋಷವಾಗಿ ವಿಮಾನ ಹತ್ತಿ ಬರಬಹುದು. ಇನ್ನು ಯಾರೂ ಕಳ್ಳಸಾಗಣೆಯವರ ಕೈಗೆ ಸಿಕ್ಕಿ ನರಳಬೇಕಿಲ್ಲ ಎಂಬ ಅರ್ಥದ ಮಾತನ್ನು ಅಬ್ರೆಯು ಆಡಿದರು. 2019ರ ಏಪ್ರಿಲ್ ಆರಂಭದಲ್ಲಿ ಕ್ಯೂಬಾ ಹೀಗೆ ಹೋಗಬಹುದಾದ 34 ಆಟಗಾರರ ಪಟ್ಟಿ ಹೊರಡಿಸಿತು. ಒಂದು ವಾರವೂ ಕಳೆದಿರಲಿಲ್ಲ, ಟ್ರಂಪ್ ಸರ್ಕಾರ ಒಪ್ಪಂದವನ್ನೇ ಹೊಡೆದುಹಾಕಿತು. ಒಕ್ಕೂಟಕ್ಕೆ ಕೊಡುವ ದುಡ್ಡು ಕ್ಯೂಬಾ ಸರ್ಕಾರಕ್ಕೆ ಕೊಟ್ಟ ಹಾಗೆ ಎಂಬುದು ಅವರ ವಾದ.

ಅಬ್ರೆಯು 2022ರ ಕೊನೆಯಲ್ಲಿ ಮೂರು ವರ್ಷದ ಒಪ್ಪಂದಕ್ಕೆ ಹ್ಯೂಸ್ಟನ್ ತಂಡ ಸೇರಿದರು. ಅಲ್ಲಿ ಅವರಿಗಿಂತ ಮೊದಲು ಫಸ್ಟ್ ಬೇಸ್ ಕಾಯುತ್ತಿದ್ದ ಯೂಲಿ ಗುರ‍್ರಿಯೆಲ್ ಕೂಡ ಕ್ಯೂಬಾ ಬಿಟ್ಟು ಬಂದವರೇ. ಆದರೆ ಬ್ಯಾಟ್ ಮಾತು ಕೇಳಲಿಲ್ಲ. 2024ರ ಜೂನ್‌ನಲ್ಲಿ .124 ಸರಾಸರಿಯಲ್ಲಿದ್ದಾಗ ತಂಡ ಅವರನ್ನು ಕೈಬಿಟ್ಟಿತು.

ಒಪ್ಪಂದ ಮುರಿದ ಮೇಲೆ ಹುಡುಗರು ಹಳೆಯ ದಾರಿಯನ್ನೇ ಹಿಡಿದರು. 2021ರಲ್ಲಿ ಮೆಕ್ಸಿಕೋದ ಸೊನೊರಾದಲ್ಲಿ 23 ವರ್ಷದೊಳಗಿನವರ ವಿಶ್ವಕಪ್ ನಡೆಯಿತು. ಅಲ್ಲಿಗೆ ಹೋದ ಕ್ಯೂಬಾ ತಂಡದಲ್ಲಿ ಹತ್ತಕ್ಕೂ ಹೆಚ್ಚು ಹುಡುಗರು ಮನೆಗೆ ಮರಳಲಿಲ್ಲ.