ಗುಜರಿ ಡಿವಿಡಿ ರೈಟರಿನಿಂದ ಲೇಸರ್: ಕರೆಂಟಿನ ಲೆಕ್ಕ

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಗುಜರಿ ಅಂಗಡಿಯಲ್ಲಿ ಹಳೇ ಕಂಪ್ಯೂಟರ್ ಡಬ್ಬಗಳ ರಾಶಿ ಕೆದಕಿ ಎರಡು ಡಿವಿಡಿ ರೈಟರ್ ಆರಿಸಿಕೊಂಡೆ. "ಕೆಟ್ಟೋಗಿರೋವು ಕಣಪ್ಪ, ತಗೊಂಡೋಗಿ ಏನ್ ಮಾಡ್ತೀಯ?" ಅಂದರು ಅಂಗಡಿಯವರು. "ಒಳಗಿರೋ ಲೇಸರ್ ಒಂದಿದ್ರೆ ಸಾಕಣ್ಣ" ಅಂದೆ. ತೂಕಕ್ಕೆ ಹಾಕಿ ಕೊಟ್ಟರು.

ಮೊದಲನೆಯದರ ಲೇಸರ್ ಡಯೋಡ್, ಅಂದರೆ ಕರೆಂಟ್ ಕೊಟ್ಟರೆ ಲೇಸರ್ ಬೆಳಕು ಸೂಸುವ ಪುಟ್ಟ ಬಿಡಿಭಾಗ, ಅವತ್ತು ಸಂಜೆಯೇ ಹೋಯಿತು. ಎರಡು ಪೆನ್ಸಿಲ್ ಸೆಲ್ ಜೋಡಿಸಿ 3 ವೋಲ್ಟ್ ನೇರವಾಗಿ ಕೊಟ್ಟಿದ್ದೆ. ಗೋಡೆಯ ಮೇಲೆ ಉದ್ದನೆಯ ಕೆಂಪು ಪಟ್ಟೆ ಬಿತ್ತು, ಎರಡು ಸೆಕೆಂಡಿನಲ್ಲಿ ಮಂಕಾಯಿತು. ಆಮೇಲೆ ಲೆನ್ಸ್ ಎಷ್ಟು ಹೊಂದಿಸಿದರೂ ಚುಕ್ಕೆ ಮೂಡಲಿಲ್ಲ. ಡಯೋಡ್ ಈಗಲೂ ಕೆಂಪಗೆ ಉರಿಯುತ್ತದೆ, ಆದರೆ ಎಲ್‌ಇಡಿಯ ಹಾಗೆ. ಈ ಟಿಪ್ಪಣಿ ಬರೆಯುತ್ತಿರುವುದು ಅದು ಯಾಕೆ ಹಾಗಾಯಿತು ಎನ್ನುವುದಕ್ಕೆ.

ಡಯೋಡಿನ ಒಳಗಿರುವುದು ಮರಳಿನ ಕಣದಷ್ಟು ಅರೆವಾಹಕ ಹರಳು. ಅದರ ಎರಡು ತುದಿಗಳೇ ಕನ್ನಡಿಗಳು. ಕರೆಂಟ್ ಕಡಿಮೆ ಇರುವಾಗ ಬೆಳಕು ದಿಕ್ಕಾಪಾಲಾಗಿ ಚದುರುತ್ತದೆ. ಒಂದು ಮಿತಿ ದಾಟಿತೆಂದರೆ ಒಂದು ಫೋಟಾನ್ (ಬೆಳಕಿನ ಕಣ) ತನ್ನಂಥದ್ದೇ ಇನ್ನೊಂದನ್ನು ಹೊರಡಿಸುವುದು ಮೇಲುಗೈಯಾಗುತ್ತದೆ. ಐನ್‌ಸ್ಟೈನ್ 1917ರಲ್ಲಿ ವಿವರಿಸಿದ ಪ್ರಚೋದಿತ ಉತ್ಸರ್ಜನೆ ಇದೇ. 1962ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಹಾಲ್ ತಂಡ ಗ್ಯಾಲಿಯಂ ಆರ್ಸೆನೈಡ್ ಹರಳಿನಲ್ಲಿ ಇದನ್ನು ಮಾಡಿ ತೋರಿಸಿತು. ಬೆಳಕೆಲ್ಲ ಹೊರಬರುವ ಜಾಗ ಕೆಲವೇ ಮೈಕ್ರೋಮೀಟರ್ ಅಗಲ. ಕರೆಂಟ್ ತೀರಾ ಹೆಚ್ಚಾದರೆ ಅಲ್ಲಿನ ಕನ್ನಡಿಮೈ ಕರಗಿಹೋಗುತ್ತದೆ. ಕನ್ನಡಿ ಹೋದ ಮೇಲೆ ಉಳಿಯುವುದು ಬರೀ ಎಲ್‌ಇಡಿ. ನನ್ನ ಕೈಲಿರುವುದು ಈಗ ಅದೇ.

3 ವೋಲ್ಟ್ ಹೆಚ್ಚೇನೂ ಅಲ್ಲವಲ್ಲ ಅನ್ನಿಸಬಹುದು. ಡಯೋಡಿನಲ್ಲಿ ವೋಲ್ಟೇಜ್ ಚೂರು ಏರಿದರೂ ಕರೆಂಟ್ ಹಲವು ಪಟ್ಟು ಏರುತ್ತದೆ. ಬಿಸಿಯಾದಷ್ಟೂ ಇನ್ನಷ್ಟು ಎಳೆಯುತ್ತದೆ. ಅದಕ್ಕೇ ಕರೆಂಟನ್ನು ಹಿಡಿದಿಡುವ ಸರ್ಕ್ಯೂಟ್ ಬೇಕು. ವೋಲ್ಟೇಜ್ ಹಿಡಿದಿಡುವ ಎಲ್‌ಎಂ 317 ಐಸಿ ಸಾಕು. ಅದರ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ ರೆಸಿಸ್ಟರ್ ಹಾಕಿ, ಅಡ್ಜಸ್ಟ್ ಕಾಲಿನಿಂದ ಡಯೋಡಿಗೆ ಕೊಡಬೇಕು. ಐಸಿ ಆ ರೆಸಿಸ್ಟರಿನ ಮೇಲೆ ಸದಾ 1.25 ವೋಲ್ಟ್ ಕಾಯುತ್ತದೆ. ರೆಸಿಸ್ಟರ್ 22 ಓಮ್ ಆದರೆ ಕರೆಂಟ್ 1.25 ಭಾಗಿಸು 22, ಸುಮಾರು 57 ಮಿಲಿಆಂಪ್. ನನ್ನ ಎರಡನೇ ಡಯೋಡಿನಲ್ಲಿ ಚುಕ್ಕೆ ಥಟ್ಟನೆ ಗಟ್ಟಿಯಾದದ್ದು 40 ಮಿಲಿಆಂಪಿನ ಆಸುಪಾಸಿನಲ್ಲಿ, ಹಾಗಾಗಿ 57 ಧಾರಾಳ. ಐಸಿಗೂ ತನ್ನ ಪಾಲಿನ ವೋಲ್ಟೇಜ್ ಬೇಕಾಗುವುದರಿಂದ 9 ವೋಲ್ಟ್ ಅಡಾಪ್ಟರ್ ಇಟ್ಟುಕೊಳ್ಳಿ.

ಈ ಸಲ ಲೇಸರ್ ಡಯೋಡನ್ನು ಮೊದಲೇ ಜೋಡಿಸಲಿಲ್ಲ. ಅದರ ಜಾಗದಲ್ಲಿ ಬೆಳಕು ಸೂಸದ ಸಾಮಾನ್ಯ 1ಎನ್4007 ಡಯೋಡ್ ನಾಲ್ಕನ್ನೂ ಒಂದು 1 ಓಮ್ ರೆಸಿಸ್ಟರನ್ನೂ ಸಾಲಾಗಿ ಕೂರಿಸಿದೆ. ನಾಲ್ಕೂ ಸೇರಿ ಹೆಚ್ಚೂಕಡಿಮೆ ಲೇಸರ್ ಡಯೋಡಿನಷ್ಟೇ ವೋಲ್ಟೇಜ್ ತಿನ್ನುತ್ತವೆ. 1 ಓಮ್ ಮೇಲೆ ಮಲ್ಟಿಮೀಟರ್ ಇಟ್ಟರೆ ಕಾಣುವ ಮಿಲಿವೋಲ್ಟೇ ಮಿಲಿಆಂಪ್. 56 ಎಂದು ಬಂದಾಗ ಧೈರ್ಯ ಬಂತು. ಲೇಸರ್ ಡಯೋಡನ್ನು ಬೆಸುಗೆ ಹಾಕಿದ ಮೇಲೇ ಸಪ್ಲೈ ಆನ್ ಮಾಡಿ. ಆನ್ ಇರುವಾಗ ಚುಚ್ಚಿದರೆ, ಸರ್ಕ್ಯೂಟಿನಲ್ಲಿ ಕೆಪಾಸಿಟರ್ ಇದ್ದಲ್ಲಿ ಅದರಲ್ಲಿ ತುಂಬಿಕೊಂಡ ಚಾರ್ಜೆಲ್ಲ ಒಮ್ಮೆಲೇ ನುಗ್ಗುತ್ತದೆ. ಡ್ರೈವಿನಿಂದ ಬಿಚ್ಚುವ ಮುಂಚೆ ಅದರ ಮೂರೂ ಕಾಲುಗಳಿಗೆ ತೆಳು ತಾಮ್ರದ ತಂತಿ ಸುತ್ತಿಡಿ, ಮೈಮೇಲಿನ ಸ್ಟ್ಯಾಟಿಕ್ಕೇ ಅದನ್ನು ಕೊಲ್ಲಬಲ್ಲದು. ಸುತ್ತ ಅಲ್ಯೂಮಿನಿಯಂ ತುಂಡು ಇರಲಿ, ಬಿಸಿ ಹೀರಲು.

ಕಣ್ಣಿನ ವಿಷಯ. ರೈಟರಿನಲ್ಲಿ ಎರಡು ಬೆಳಕಿನ ಮೂಲ: ಡಿವಿಡಿಗೆ 650 ನ್ಯಾನೋಮೀಟರ್ ಅಲೆಯುದ್ದದ್ದು, ಸಿಡಿಗೆ 780ರದ್ದು. ನನಗೆ ಹೆಚ್ಚು ಭಯ ಎರಡನೆಯದು. ಅದು ಇನ್ಫ್ರಾರೆಡ್, ಕಣ್ಣಿಗೆ ಮಸುಕು ಕೆಂಪಾಗಿ ಅಷ್ಟೇ ಕಾಣುತ್ತದೆ, ಹಾಗಾಗಿ ರೆಪ್ಪೆ ಮುಚ್ಚುವುದೇ ಇಲ್ಲ. ಪೂರ್ತಿ ಶಕ್ತಿ ರೆಟಿನಾದ ಒಂದು ಬಿಂದುವಿಗೆ ಬೀಳುತ್ತದೆ. 780ರ ಕಾಲಿಗೆ ನಾನು ಸಪ್ಲೈ ಕೊಡಲೇ ಇಲ್ಲ. ಕೆಂಪಿನದ್ದೂ 5 ಮಿಲಿವ್ಯಾಟ್ ದಾಟಿದರೆ ಅಪಾಯವೇ. 650 ನ್ಯಾನೋಮೀಟರಿಗೆಂದೇ ನಮೂದಿಸಿದ ಕನ್ನಡಕ ಬೇಕು. ತಂಪು ಕನ್ನಡಕ ಉಪಯೋಗಕ್ಕಿಲ್ಲ. ತಂಗಿ, ತಮ್ಮ ಓಡಾಡುವ ಕೋಣೆಯಲ್ಲಿ ಮಾಡಬೇಡಿ.

ಇದರ ಜೊತೆ ಮಾಡಿದ ಇನ್ನೊಂದು ಪ್ರಯೋಗಕ್ಕೆ ಈ ಡಯೋಡ್ ಮುಟ್ಟಲಿಲ್ಲ, 1 ಮಿಲಿವ್ಯಾಟಿನ ಪಾಯಿಂಟರ್ ಬಳಸಿದೆ. ಹಳೇ ಸಿಡಿಗೆ ಕಿರಣ ನೇರ ಬಿಟ್ಟು, ಹಿಂದಿರುಗುವ ಚುಕ್ಕೆಗಳನ್ನು 30 ಸೆಂಟಿಮೀಟರ್ ದೂರದ ಹಾಳೆಯಲ್ಲಿ ಹಿಡಿಯುವುದು. ಸಿಡಿಯ ಮೇಲಿನ ಸೂಕ್ಷ್ಮ ಸಾಲುಗಳಿಗೆ ತಾಗಿ ಕಿರಣ ಕವಲೊಡೆಯುವುದರಿಂದಲೇ ಈ ಚುಕ್ಕೆಗಳು. ಆ ಸಾಲುಗಳ ಅಂತರ 1.6 ಮೈಕ್ರೋಮೀಟರ್. ಕೆಂಪು ಬೆಳಕಿನ ಅಲೆಯುದ್ದ 0.65 ಮೈಕ್ರೋಮೀಟರನ್ನು ಅದರಿಂದ ಭಾಗಿಸಿದರೆ, ಮೊದಲ ಚುಕ್ಕೆ ಪಕ್ಕಕ್ಕೆ ಸರಿಯುವ ಕೋನದ ಸೈನ್. ಕೋನ 24 ಡಿಗ್ರಿ. ಲೆಕ್ಕದಲ್ಲಿ ಚುಕ್ಕೆ 13.3 ಸೆಂಟಿಮೀಟರ್ ಪಕ್ಕಕ್ಕೆ, ಸ್ಕೇಲಿನಲ್ಲಿ 13ಕ್ಕೆ ಎರಡು ಗೆರೆ ಮೇಲೆ. ಡಿವಿಡಿಯಲ್ಲಿ ಅಂತರ 0.74 ಮಾತ್ರ, ಕೋನ 61 ಡಿಗ್ರಿ ದಾಟುತ್ತದೆ. ಚುಕ್ಕೆ 55 ಸೆಂಟಿಮೀಟರ್ ಆಚೆ, ಹಾಳೆ ಬಿಟ್ಟು ಸುಣ್ಣದ ಗೋಡೆಯ ಮೇಲೆ ಕೂತಿತ್ತು. ಅಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿ ಅಳೆದೆ.