ಛೇದವಿಲ್ಲದ ಭಿನ್ನರಾಶಿ

ನಮ್ಮ ಬೀದಿಗೆ ಪತ್ರಿಕೆ ಹಾಕುವ ಹುಡುಗ ಹೋದ ವರ್ಷ ಸೈಕಲ್ ಬಿಟ್ಟು ಹಳೆಯ ಸ್ಕೂಟರ್ ಹಿಡಿದ. ನಸುಕಿನಲ್ಲಿ ಕನಕಪುರ ರಸ್ತೆಯ ಲಾರಿಗಳ ಪಕ್ಕದಲ್ಲಿ ಪೆಡಲ್ ತುಳಿಯಲು ಅವನಿಗೆ ಭಯ. ಸ್ಕೂಟರಿನಿಂದ ಅವನ ಅಪಾಯ ತಗ್ಗಿತೋ ಇಲ್ಲವೋ, ಸರ್ಕಾರಿ ಕೋಷ್ಟಕದಲ್ಲಂತೂ ಬೆಂಗಳೂರಿನ ಸೈಕಲ್ ಸವಾರರ ಕ್ಷೇಮ ಕೂದಲೆಳೆಯಷ್ಟು ಸುಧಾರಿಸಿತು. ನಾಳೆ ಅವನಿಗೇನಾದರೂ ಆದರೆ (ಆಗದಿರಲಿ) ಅದು ದ್ವಿಚಕ್ರ ವಾಹನಗಳ ಸಾಲಿಗೆ ಸೇರುತ್ತದೆ, ಸೈಕಲ್ಲಿನ ಸಾಲಿಗಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮೃತಪಟ್ಟವರು 1,68,491 ಮಂದಿ. ಅವರಲ್ಲಿ ಸೈಕಲ್ ಸವಾರರು ಶೇ 3ರ ಆಸುಪಾಸು. ಸ್ಕೂಟರ್, ಬೈಕುಗಳಲ್ಲಿದ್ದವರು ಶೇ 44ಕ್ಕೂ ಹೆಚ್ಚು. ಇಷ್ಟನ್ನೇ ಓದಿದವರಿಗೆ ಸೈಕಲ್ಲೇ ಕ್ಷೇಮ ಅನ್ನಿಸಬಹುದು. ಆದರೆ ಶಾಲೆಯಲ್ಲಿ ಕಲಿತ ಭಿನ್ನರಾಶಿಯನ್ನು ನೆನಪಿಸಿಕೊಳ್ಳಿ. ಇಲ್ಲಿರುವುದು ಅಂಶ ಮಾತ್ರ. ಎಷ್ಟು ಜನ ಎಷ್ಟು ಕಿಲೋಮೀಟರ್ ತುಳಿದದ್ದಕ್ಕೆ ಇಷ್ಟು ಸಾವು ಎನ್ನುವ ಛೇದವೇ ಇಲ್ಲ.

ಛೇದ ಮರೆತರೆ ಎಂಥ ವಿಚಿತ್ರಕ್ಕೆ ಬರುತ್ತೇವೆ ನೋಡಿ. ಸೈಕಲ್ಲಿಗೆ ಹೆಸರಾದ ನೆದರ್‌ಲೆಂಡ್ಸ್‌ನ ಜನಸಂಖ್ಯೆ ಸುಮಾರು 1.8 ಕೋಟಿ. 2022ರಲ್ಲಿ ಅಲ್ಲಿ ಸತ್ತ ಸೈಕಲ್ ಸವಾರರು 290ರಷ್ಟು. ಜನಸಂಖ್ಯೆಯಿಂದ ಭಾಗಿಸಿದರೆ ಅದು ನಮ್ಮ ದೇಶದ ಪ್ರಮಾಣದ ಸುಮಾರು ಐದು ಪಟ್ಟು! ಹಾಗಾದರೆ ಆಮ್‌ಸ್ಟರ್‌ಡ್ಯಾಮಿಗಿಂತ ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ ಸುರಕ್ಷಿತವೇ? ಅಲ್ಲಿ ಅಜ್ಜ ಅಜ್ಜಿಯರೂ ದಿನನಿತ್ಯ ತುಳಿಯುತ್ತಾರೆ. ಇನ್ನೊಂದು ವಿಷಯ, ಅವರು ಪೊಲೀಸ್ ದಾಖಲೆಯ ಜೊತೆಗೆ ವೈದ್ಯರ ಮರಣ ಪತ್ರವನ್ನೂ ನ್ಯಾಯಾಂಗದ ದಾಖಲೆಯನ್ನೂ ತಾಳೆ ನೋಡಿ ಎಣಿಸುತ್ತಾರೆ.

ನಮ್ಮ ಎಣಿಕೆಗೆ ಪೊಲೀಸ್ ಠಾಣೆಯೇ ಮೂಲ. ಅಪಘಾತವಾದ 30 ದಿನಗಳೊಳಗೆ ಸತ್ತರೆ ಅದು ರಸ್ತೆ ಸಾವು ಎಂಬುದು ನಿಯಮ. ಗಾಯಾಳು ಎಂದು ಬರೆದುಕೊಂಡವರು ಮೂರು ವಾರದ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡರೆ, ಆ ಸುದ್ದಿ ಠಾಣೆಗೆ ಮರಳಿ ಬಂದು ಪ್ರಕರಣದ ಕಲಮು ಬದಲಾಗಬೇಕು. ಮಳೆನೀರು ತುಂಬಿದ ಗುಂಡಿಗೆ ಚಕ್ರ ಇಳಿಸಿ ತಾನೇ ಬಿದ್ದವನ ಎದುರು ಆರೋಪಿ ವಾಹನವೇ ಇರುವುದಿಲ್ಲ. ಅಂಥವು ಲೆಕ್ಕದಿಂದ ಜಾರುವುದು ಸುಲಭ. 2016ರಲ್ಲಿ ಭಾರತದ ಅಧಿಕೃತ ರಸ್ತೆ ಸಾವುಗಳು ಒಂದೂವರೆ ಲಕ್ಷದಷ್ಟಿದ್ದಾಗ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಮೂರು ಲಕ್ಷದ ಹತ್ತಿರವಿತ್ತು.

ಒಂದೇ ನಗರದ ಅಂಕಿಗೆ ಬಂದರೆ ಆಕಸ್ಮಿಕವೂ ಆಟವಾಡುತ್ತದೆ. ಪ್ರಷ್ಯಾದ ಸೇನೆಯಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕವನ್ನು 1898ರಲ್ಲಿ ಬೋರ್ಟ್‌ಕೆವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ ಜಾಲಾಡಿದ. ಒಂದೇ ದಳದಲ್ಲಿ ಒಂದು ವರ್ಷ ಒಂದೂ ಇಲ್ಲ, ಇನ್ನೊಂದು ವರ್ಷ ಮೂರು. ಕುದುರೆಗಳ ಸಿಟ್ಟೇನೂ ಏರಿಳಿದಿರಲಿಲ್ಲ. ಅಪರೂಪದ ಘಟನೆಗಳು ಬರುವ ರೀತಿಯೇ ಅದು. ಇದಕ್ಕೊಂದು ಸುಲಭ ಅಳತೆಗೋಲು ವರ್ಗಮೂಲ. ಒಂದು ನಗರದಲ್ಲಿ ವರ್ಷಕ್ಕೆ ಸರಾಸರಿ 16 ಸೈಕಲ್ ಸಾವು ಎಂದಿಟ್ಟುಕೊಳ್ಳಿ. ವರ್ಗಮೂಲ 4, ಅಂದರೆ ಅಷ್ಟು ಏರಿಳಿತ ಸಹಜ. ಹಾಗಾಗಿ ಒಮ್ಮೆ 20, ಮರುವರ್ಷ 12 ಆದರೆ ರಸ್ತೆಯಲ್ಲಿ ಏನೂ ಬದಲಾಗಿರಬೇಕಿಲ್ಲ. ‘ಶೇ 40 ಇಳಿಕೆ’ ಎಂಬ ಶೀರ್ಷಿಕೆ ಮಾತ್ರ ಗ್ಯಾರಂಟಿ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಲೆಕ್ಕ. 2003ರಲ್ಲಿ ಪೀಟರ್ ಜೇಕಬ್‌ಸನ್ ಎಂಬ ಸಂಶೋಧಕ ಹಲವು ದೇಶ, ನಗರಗಳ ಅಂಕಿ ಜೋಡಿಸಿ ನೋಡಿದಾಗ, ಸೈಕಲ್ ತುಳಿಯುವುದು ಇಮ್ಮಡಿಯಾದಲ್ಲಿ ಗಾಯಾಳುಗಳು ಹೆಚ್ಚುವುದು ಮೂರನೇ ಒಂದರಷ್ಟು ಮಾತ್ರ ಎಂದು ಕಂಡಿತು. ಹೆಚ್ಚು ಜನ ಕಂಡಾಗ ಚಾಲಕರ ಕಣ್ಣು ಎಚ್ಚರವಾಗುತ್ತದೆಯೋ, ಒಳ್ಳೆಯ ರಸ್ತೆ ಇರುವಲ್ಲೇ ಜನ ಹೆಚ್ಚುತ್ತಾರೋ, ಈ ವಾದ ಇನ್ನೂ ಮುಗಿದಿಲ್ಲ. ಅದೇ ಸೂತ್ರವನ್ನು ತಿರುಗಿಸಿ. ಸವಾರರು ಅರ್ಧವಾದರೆ ಗಾಯ ಅರ್ಧಕ್ಕೆ ಇಳಿಯುವುದಿಲ್ಲ, ಮುಕ್ಕಾಲು ಪಾಲು ಉಳಿಯುತ್ತದೆ. ಕೋಷ್ಟಕ ಕಾಲು ಭಾಗ ಇಳಿಕೆ ತೋರಿಸುತ್ತದೆ. ಉಳಿದ ಒಬ್ಬೊಬ್ಬರ ತಲೆಯ ಮೇಲಿನ ಅಪಾಯವೋ ಒಂದೂವರೆ ಪಟ್ಟು ಆಗಿರುತ್ತದೆ.

ಬೆಂಗಳೂರಿನಲ್ಲಿ ಹಾಗಾಗಿದೆಯೇ ಎಂದು ಹೇಳಲು ಛೇದ ಬೇಕು. ದೇಶದಾದ್ಯಂತ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆಂದು ಮನೆಮನೆಗೆ ಹೋಗಿ ಕೇಳಿದ್ದು 2011ರ ಜನಗಣತಿ, ಅದೂ ಕೃಷಿಯೇತರ ಕೆಲಸಗಾರರನ್ನು. ಸುಮಾರು ಶೇ 13 ಮಂದಿ ಸೈಕಲ್ ಎಂದಿದ್ದರು. ಆಗ ನಮ್ಮ ಮೆಟ್ರೊ ಇನ್ನೂ ಓಡಲಾರಂಭಿಸಿರಲಿಲ್ಲ.

ಹುಡುಗ ಬಿಟ್ಟ ಸೈಕಲ್ ಈಗ ಎದುರು ಕಟ್ಟಡದ ವಾಚ್‌ಮನ್ ಬಳಿ ಇದೆ. ರಾತ್ರಿ ಪಾಳಿ ಮುಗಿಸಿ ಅವರು ಅದೇ ರಸ್ತೆಯಲ್ಲಿ ಮನೆಗೆ ಹೋಗುತ್ತಾರೆ. ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿಕೊಂಡಿದ್ದಾರೆ.