ಹೆಜ್ಜೆಯ ಸದ್ದಿಗೂ ಬೆರಳಿನ ಬೆವರಿಗೂ ಒಂದೇ ಗಡಿಯಾರವಲ್ಲ

ನಡೆಯುವವರ ಹೆಜ್ಜೆ ಸದ್ದಿನಲ್ಲಿ ತಗ್ಗಿನ ಸ್ವರವನ್ನು ಇಳಿಸಿ, 1ರಿಂದ 4 ಕಿಲೋಹರ್ಟ್ಜ್‌ವರೆಗಿನ ಭಾಗವನ್ನು ಏರಿಸಿ, ಆ ಕ್ಷಣವೇ ಅವರ ಕಿವಿಗೆ ಕೇಳಿಸಿದರೆ ಹಲವರಿಗೆ ಮೈ ಹಗುರಾದಂತೆ ಅನಿಸುತ್ತದೆ. ನಡಿಗೆಯೂ ಬದಲಾಗುತ್ತದೆ. ಸಂಶೋಧಕಿ ಅನಾ ತಾಜಾದುರಾ-ಹಿಮೆನೆಸ್ ಮತ್ತು ಸಂಗಡಿಗರು 2015ರಲ್ಲಿ ಇದನ್ನು ತೋರಿಸಿದರು. ಕಣ್ಣೆದುರಿನ ರಬ್ಬರ್ ಕೈಯನ್ನೂ ಮರೆಯಲ್ಲಿರುವ ನಿಜವಾದ ಕೈಯನ್ನೂ ಒಟ್ಟೊಟ್ಟಿಗೆ ಸವರಿದರೆ ರಬ್ಬರ್ ಕೈಯೇ ತನ್ನದೆನಿಸುತ್ತದೆ ಎಂಬುದು 1998ರಿಂದಲೇ ಗೊತ್ತಿತ್ತು. ತನ್ನ ದೇಹ ಎಷ್ಟು ದೊಡ್ಡದು, ಎಷ್ಟು ಭಾರ ಎಂಬ ಲೆಕ್ಕವನ್ನು ಮಿದುಳು ಕ್ಷಣಕ್ಷಣಕ್ಕೂ ಹೊಸದಾಗಿ ಹಾಕುತ್ತಿರುತ್ತದೆ.

ಈಗ ಇದಕ್ಕೆ ಭಾವನೆಯ ಸುಳಿವು ಹಿಡಿಯುವ ಸೆನ್ಸರ್‌ಗಳೂ ಮೆಷಿನ್ ಲರ್ನಿಂಗೂ ಸೇರಿಕೊಂಡಿವೆ. ದೀರ್ಘಕಾಲದ ನೋವಿನಿಂದ ಚಲನೆಗೇ ಹೆದರುವವರಿಗೆ, ಯಾವಾಗ ಯಾವ ಸದ್ದು ಧೈರ್ಯ ಕೊಡುತ್ತದೆ ಎಂಬುದನ್ನು ಯಂತ್ರವೇ ಕಲಿತರೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕೆ? ಆದರೆ ಇಂಥ ಕೆಲಸ ಕೈಕೊಡುವುದು ಅಲ್ಗಾರಿದಮ್‌ನಲ್ಲಿ ಅಲ್ಲ, ಹೆಚ್ಚಾಗಿ ಸಮಯದ ಹೊಂದಾಣಿಕೆಯಲ್ಲಿ.

ಮೊದಲು ಸದ್ದನ್ನೇ ನೋಡಿ. ಪಾದ ನೆಲ ಮುಟ್ಟಿದ್ದಕ್ಕೂ ಕಿವಿಗೆ ಕೇಳಿಸಿದ್ದಕ್ಕೂ ನಡುವೆ ಅಂತರ ಬೆಳೆದರೆ ಆ ಹೆಜ್ಜೆ ತನ್ನದೆನಿಸುವುದಿಲ್ಲ, ಹಿಂದೆ ಯಾರೋ ಬರುತ್ತಿರುವಂತೆ ಕೇಳಿಸುತ್ತದೆ. ವೈರ್‌ಲೆಸ್ ಹೆಡ್‌ಫೋನ್‌ಗಳಲ್ಲಿ ಈ ತಡ ಎಷ್ಟೋ ಬಾರಿ 100 ಮಿಲಿಸೆಕೆಂಡ್ ದಾಟುತ್ತದೆ. ವೈರ್ ಇರುವ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನೇ ಆಗಬೇಕು. ಇಲ್ಲದಿದ್ದರೆ ಹೊರಗಿನ ಅಸಲಿ ಸದ್ದೂ ಒಳನುಗ್ಗಿ ಪ್ರತಿಧ್ವನಿಯಾಗುತ್ತದೆ. ತಡವನ್ನು ಅಳೆಯುವುದು ಸುಲಭ. ಒಂದೇ ರೆಕಾರ್ಡರ್‌ನ ಒಂದು ಚಾನೆಲ್‌ಗೆ ನೆಲದ ಮೈಕ್, ಇನ್ನೊಂದಕ್ಕೆ ಹೆಡ್‌ಫೋನ್‌ಗೆ ಅಂಟಿಸಿದ ಮೈಕ್ ಕೊಟ್ಟು, ನೆಲವನ್ನು ಒಮ್ಮೆ ಕುಟ್ಟಿ, ಎರಡು ಶಿಖರಗಳ ನಡುವಿನ ಅಂತರ ಎಣಿಸಿದರಾಯಿತು.

ಭಾವನೆಯ ಸುಳಿವು ಕೊಡುವ ಬೆವರಿನ ಗತಿ ಬೇರೆ. ತೋರುಬೆರಳು ಮತ್ತು ನಡುಬೆರಳಿಗೆ ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್ ಹಚ್ಚಿ ಚರ್ಮದ ವಾಹಕತೆ, ಅಂದರೆ ಬೆವರಿದ ಚರ್ಮದಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು, ಅಳೆಯುತ್ತೇವೆ. ಚರ್ಮವನ್ನು ಆಲ್ಕೋಹಾಲ್‌ನಿಂದ ಒರೆಸಬಾರದು. ಜೆಲ್ ಇಳಿಯಲು ಐದು-ಹತ್ತು ನಿಮಿಷ ಕಾಯಬೇಕು. ಪ್ರಚೋದನೆಯಾಗಿ ಒಂದರಿಂದ ಮೂರು ಸೆಕೆಂಡ್ ಆದಮೇಲಷ್ಟೇ ವಾಹಕತೆ ಏರತೊಡಗುತ್ತದೆ. ನಿಜವಾದ ಅಲೆ ಒಂದೆರಡು ಸೆಕೆಂಡ್ ಏರಿ, ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಕೈಬೀಸಿದಾಗ ವೈರ್ ಜಗ್ಗಿ ಬರುವ ಸುಳ್ಳು ಶಿಖರ ಗೋಡೆಯಂತೆ ನೆಟ್ಟಗೆ ಏರಿ ನೆಟ್ಟಗೆ ಬೀಳುತ್ತದೆ. ಯಾವ ಸಾಫ್ಟ್‌ವೇರ್ ಇದ್ದರೂ ಮೊದಲ ಕೆಲವು ಜನರ ದತ್ತಾಂಶವನ್ನು ಕಣ್ಣಾರೆ ನೋಡಲೇಬೇಕು.

ಸದ್ದನ್ನೂ ಬೆವರನ್ನೂ ದಾಖಲಿಸುವ ಎರಡು ಸಾಧನಗಳ ಗಡಿಯಾರವೂ ಒಂದೇ ವೇಗದಲ್ಲಿ ಓಡುವುದಿಲ್ಲ. ದಶಲಕ್ಷಕ್ಕೆ 50 ಭಾಗ ತಪ್ಪುವ ಗಡಿಯಾರದ ಕ್ರಿಸ್ಟಲ್ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡ್ ಜಾರುತ್ತದೆ. ಬೆವರಿಗೆ ಇದು ಲೆಕ್ಕಕ್ಕಿಲ್ಲ, ಹೆಜ್ಜೆಗೆ ದೊಡ್ಡ ಪೆಟ್ಟು. ಆದ್ದರಿಂದ ಶುರುವಿನಲ್ಲೂ ಕೊನೆಯಲ್ಲೂ ಮೂರು ಸಲ ಜಿಗಿಸಿ. ಆ ಮೂರು ಶಿಖರಗಳು ಸಾಧನಗಳಲ್ಲಿ ಚಲನೆ ಅಳೆಯುವ ಎಲ್ಲ ಆಕ್ಸಲರೋಮೀಟರ್‌ಗಳಲ್ಲೂ ಕಾಣುತ್ತವೆ, ಅವುಗಳಿಂದ ಜಾರಿಕೆಯನ್ನು ಸರಿಪಡಿಸಬಹುದು.

ಮೂರನೆಯದು ಮನುಷ್ಯರ ಉತ್ತರ, ಎಲ್ಲಕ್ಕಿಂತ ನಿಧಾನ. ಒಂದು ನಿಮಿಷದ ನಡಿಗೆ ಮುಗಿದೊಡನೆ ಮೈ ಹಗುರವೋ ಭಾರವೋ ಎಂದು 7 ಹಂತದ ಅಳತೆಯಲ್ಲಿ, ಹಿತವೋ ಅಹಿತವೋ, ಶಾಂತವೋ ಉದ್ರಿಕ್ತವೋ ಎಂದು 9 ಹಂತದ ಚಿತ್ರಗಳಲ್ಲಿ ಕೇಳಿ, ಅಷ್ಟಕ್ಕೇ ನಿಲ್ಲಿಸಬೇಕು. ಹದಿನೈದು ಪ್ರಶ್ನೆ ಕೇಳುವಷ್ಟರಲ್ಲಿ ಆ ಅನುಭವ ಆರಿಹೋಗಿರುತ್ತದೆ. ಹೋಲಿಕೆಗೆ ಕುಳಿತ ಸ್ಥಿತಿಯನ್ನು ಇಟ್ಟುಕೊಂಡರೆ ಪ್ರಯೋಗವೇ ವ್ಯರ್ಥ, ಯಾಕೆಂದರೆ ನಡಿಗೆಯೇ ಎದೆಬಡಿತವನ್ನೂ ಬೆವರನ್ನೂ ಏರಿಸುತ್ತದೆ. ಅದೇ ಹೆಡ್‌ಫೋನ್, ಅದೇ ವೇಗ, ಬದಲಾಯಿಸದ ಸದ್ದು: ಹೋಲಿಸಬೇಕಾದ್ದು ಇದರೊಂದಿಗೆ. ಸದ್ದುಗಳ ಸರದಿಯನ್ನೂ ವ್ಯಕ್ತಿಯಿಂದ ವ್ಯಕ್ತಿಗೆ ಬದಲಿಸಬೇಕು, ಇಲ್ಲವಾದರೆ ಮೆಷಿನ್ ಲರ್ನಿಂಗ್ ಮಾದರಿ ಕಲಿಯುವುದು ದಣಿವನ್ನು.

ಇಷ್ಟಾದಮೇಲೂ ಒಂದು ಹಳ್ಳವಿದೆ. ವಿಶ್ರಾಂತಿಯಲ್ಲಿ ಒಬ್ಬರ ವಾಹಕತೆ 2 ಮೈಕ್ರೊಸೀಮೆನ್ಸ್ (ವಾಹಕತೆಯ ಅಳತೆಮಾನ) ಇದ್ದರೆ ಇನ್ನೊಬ್ಬರದು 12 ಇರಬಹುದು. ಕಚ್ಚಾ ಅಂಕಿ ಕೊಟ್ಟರೆ ಮಾದರಿ ಭಾವನೆಯನ್ನು ಬಿಟ್ಟು ವ್ಯಕ್ತಿಯನ್ನೇ ಗುರುತು ಹಿಡಿಯುತ್ತದೆ. ಅವರವರ ಆರಂಭದ ಮಟ್ಟವನ್ನು ಕಳೆದು ಕೊಡಬೇಕು. ಪರೀಕ್ಷೆಯ ಪ್ರತಿ ಸುತ್ತಿನಲ್ಲಿ ಒಬ್ಬೊಬ್ಬರನ್ನು ಪೂರ್ತಿ ಹೊರಗಿಟ್ಟು ಉಳಿದವರಿಂದ ಕಲಿಸಬೇಕು. ಒತ್ತಡ, ಭಾವನೆ ಗುರುತಿಸುವ ಸಂಶೋಧನೆಗೆಂದು ಪ್ರಕಟವಾದ, 15 ಜನರಿರುವ ವೆಸಾಡ್ ದತ್ತಾಂಶದಲ್ಲಾದರೆ ಇದು 15 ಸುತ್ತು.

ಇಷ್ಟು ಮಾಡಿದರೂ ಬೆವರು ಉದ್ರೇಕದ ಪ್ರಮಾಣವನ್ನಷ್ಟೇ ಹೇಳುತ್ತದೆ. ಅದು ಸಂತೋಷವೋ ಭಯವೋ ಎಂದು ಹೇಳುವುದಿಲ್ಲ. ಪರದೆಯ ಮೇಲೆ ‘ಭಯ’ ಎಂದು ಬರೆದು ತೋರಿಸುವ ಉಪಕರಣವನ್ನು ನಾನು ನಂಬುವುದಿಲ್ಲ. ಕೆಲಸದ ಜಾಗದಲ್ಲೂ ಶಿಕ್ಷಣ ಸಂಸ್ಥೆಗಳಲ್ಲೂ ದೇಹದ ಸಂಕೇತಗಳಿಂದ ಭಾವನೆ ಊಹಿಸುವ ಎಐಯನ್ನು ಯುರೋಪಿಯನ್ ಒಕ್ಕೂಟ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟು, 2025ರ ಫೆಬ್ರವರಿ 2ರಿಂದ ನಿಷೇಧಿಸಿದ್ದು ಸರಿಯಾಗಿಯೇ ಇದೆ.

ನಿಖರತೆಯ ಅಂಕಿ ಬರೆಯುವ ಮುನ್ನ ಒಂದು ಪರೀಕ್ಷೆ ಮಾಡಿ. ಪ್ರತಿ ನಡಿಗೆಯ ಲೇಬಲ್ಲನ್ನು, ಅಂದರೆ ಮಾದರಿ ಊಹಿಸಬೇಕಾದ ಉತ್ತರವನ್ನು, ಇಡಿಯಾಗಿ ಬೇಕಾಬಿಟ್ಟಿ ಅದಲುಬದಲು ಮಾಡಿ ಮಾದರಿಗೆ ಮತ್ತೆ ಕಲಿಸಿ. ನಿಖರತೆ ಕುರುಡು ಊಹೆಯ ಮಟ್ಟಕ್ಕೆ ಕುಸಿಯಬೇಕು. ಕುಸಿಯದಿದ್ದರೆ ಒಂದೇ ನಡಿಗೆಯ ತುಣುಕುಗಳು ಕಲಿಕೆಗೂ ಪರೀಕ್ಷೆಗೂ ಹಂಚಿಹೋಗಿವೆ. ಮತ್ತೆ ಮೊದಲಿನಿಂದ ವಿಂಗಡಿಸಬೇಕು.